ನನ್ನ ಜೋಡಿಗೆ ಬಿದ್ದ ತಂಗಿ

ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯುವ ವಾಸನೆ ನಿಮಗೂ ಗೊತ್ತಿರುತ್ತದೆ. ಒಗ್ಗರಣೆಯ ಬೆಳ್ಳುಳ್ಳಿಯ ಮಾತಲ್ಲ. ಅದರ ಜೊತೆ ಸಾಸಿವೆ ಇರುತ್ತದೆ, ಕರಿಬೇವು ಇರುತ್ತದೆ, ಮೂಗಿಗೆ ಬಿದ್ದರೆ ಹಸಿವಾಗುತ್ತದೆ. ನಾನು ಹೇಳುತ್ತಿರುವುದು ಸಣ್ಣ ಸೌಟಿನಲ್ಲಿ ಒಂದೇ ಒಂದು ಎಸಳು ಜಜ್ಜಿ ಹಾಕಿ, ಉರಿ ಕಡಿಮೆ ಮಾಡಿ, ಕಿವಿಗೆ ಬಿಡಲು ಕಾಯಿಸುವ ಎಣ್ಣೆಯ ವಾಸನೆ. ಹೋದ ಬೇಸಿಗೆಯ ಒಂದು ಭಾನುವಾರ ಕೆ.ಆರ್. ಪುರದಲ್ಲಿರುವ ತಮ್ಮನ ಮನೆಗೆ ಹೋಗಿ ಚಪ್ಪಲಿ ಬಿಡುತ್ತಿದ್ದಾಗಲೇ ಆ ವಾಸನೆ ಬಂತು. ಒಳಗೆ ಹೋದವಳು ಯಾರನ್ನೂ ಮಾತಾಡಿಸಲಿಲ್ಲ. ನೇರ ಅಡುಗೆಮನೆಗೆ ನುಗ್ಗಿ, ತಮ್ಮನ ಹೆಂಡತಿ ಲತಾಳ ಕೈಯಿಂದ ಸೌಟು ಕಿತ್ತುಕೊಂಡು ಎಣ್ಣೆಯನ್ನು ಸಿಂಕಿಗೆ ಸುರಿದುಬಿಟ್ಟೆ.

“ಅಯ್ಯೋ ಅತ್ತಿಗೆ! ಏನಾಯ್ತು ನಿಮಗೆ?” ಎಂದಳು ಲತಾ.

“ಕಿವಿಗೆ ಎಣ್ಣೆ ಬಿಡ್ತೀಯಾ? ಈ ಊರಲ್ಲಿ ಡಾಕ್ಟ್ರುಗಳೆಲ್ಲ ಎಲ್ಲೋದ್ರು?”

“ಪಾಪೂಗೆ ಬೆಳಗ್ಗೆಯಿಂದ ಕಿವಿ ನೋವು ಅತ್ತಿಗೆ. ಅತ್ತೇನೇ ಹೇಳಿದ್ದು, ಎರಡು ತೊಟ್ಟು ಬಿಡು ಅಂತ.”

ಅವಳ ಅತ್ತೆ ಎಂದರೆ ನನ್ನ ಅಮ್ಮ. ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅಮ್ಮ ಅಲ್ಲಿಂದಲೇ ಹೇಳಿದಳು: “ಹನ್ನೊಂದು ಮಕ್ಕಳನ್ನ ಸಾಕಿದೀನಿ ಕಣೇ ನಾನು. ಒಂದಕ್ಕೂ ಏನೂ ಆಗಿಲ್ಲ. ನಂಗೆ ಹೇಳ್ಕೊಡೋಕೆ ಬಂದ್ಬಿಟ್ಲು.”

ಒಂದಕ್ಕೂ ಏನೂ ಆಗಿಲ್ಲ. ಈ ಮಾತಿಗಾಗಿಯೇ ನಾನು ಬರೆಯಲು ಕೂತಿದ್ದೇನೆ.

ಸಿಟ್ಟು ಬಂದರೆ ನನಗೆ ನೆಟ್ಟಗೆ ಮಾತಾಡಲು ಬರುವುದಿಲ್ಲ. ಸಂಬಂಧವೇ ಇಲ್ಲದ ಯಾವುದೋ ಮಾತು ಬಾಯಿಂದ ಬೀಳುತ್ತದೆ. ಬರೆದರೆ ಸಾಲಾಗಿ ಬರಬಹುದು ಎಂದು ಆಸೆ. ನಾನು ಓದಿರುವುದು ಏಳನೇ ಕ್ಲಾಸಿನವರೆಗೆ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಸೀರೆಗೆ ಫಾಲ್ ಹಾಕುವ, ಕುಚ್ಚು ಕಟ್ಟುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಅಂಗಡಿಗೆ ಬರುವ ಹೆಂಗಸರು ಸೀರೆ ಕೊಟ್ಟು ಸುಮ್ಮನೆ ಹೋಗುವುದಿಲ್ಲ, ಸ್ಟೂಲಿನ ಮೇಲೆ ಕೂತು ಮಾತಾಡುತ್ತಾರೆ. ಮನೆಯಲ್ಲಿ ಒಂದೇ ಮಗು, ಅದು ಊಟ ಮಾಡುವುದಿಲ್ಲ, ಹೇಳಿದ ಮಾತು ಕೇಳುವುದಿಲ್ಲ ಎಂದು ಗೋಳಾಡುತ್ತಾರೆ. ಕೊನೆಗೆ ನನ್ನ ಮುಖ ನೋಡಿ, “ನಿಮ್ಮ ಕಾಲನೇ ಚೆನ್ನಾಗಿತ್ತಲ್ವಾ ಆಂಟಿ? ಮನೆ ತುಂಬ ಮಕ್ಕಳು, ಒಬ್ರನ್ನೊಬ್ರು ನೋಡ್ಕೊಂಡು ಬೆಳೆದುಬಿಡ್ತಿದ್ರಿ” ಎನ್ನುತ್ತಾರೆ. ನಾನು ಬಾಯಲ್ಲಿ ಸೂಜಿ ಕಚ್ಚಿಕೊಂಡು ಹೂಂ ಎನ್ನುತ್ತೇನೆ. ಸೂಜಿ ಇಲ್ಲದಿದ್ದರೆ ಏನು ಹೇಳಿರುತ್ತಿದ್ದೆನೋ.

ಒಬ್ಬರನ್ನೊಬ್ಬರು ನೋಡಿಕೊಂಡು ಬೆಳೆದೆವು, ನಿಜ. ಹೇಗೆ ನೋಡಿಕೊಂಡೆವು ಎಂದು ಹೇಳುತ್ತೇನೆ, ಕೇಳಿ.

ನಮ್ಮದು ಹಲಸೂರಿನ ಹಳೆಯ ಕುಟುಂಬ. ಅಜ್ಜನ ಕಾಲದಲ್ಲಿ ದೊಮ್ಮಲೂರಿನ ಕಡೆ ಸೊಪ್ಪು ಬೆಳೆಯುತ್ತಿದ್ದರಂತೆ. ನಮ್ಮ ಕಾಲಕ್ಕೆ ಆ ಜಮೀನು ದೊಡ್ಡವರ ಮಾತಿನಲ್ಲಿ ಮಾತ್ರ ಉಳಿದಿತ್ತು. ಅಪ್ಪ ಮತ್ತು ಚಿಕ್ಕಪ್ಪ ಎಮ್ಮೆ ಕಟ್ಟಿಕೊಂಡು ಇಂದಿರಾನಗರದ ಹೊಸ ಮನೆಗಳಿಗೆ ಹಾಲು ಹಾಕುತ್ತಿದ್ದರು. ಅಪ್ಪನಿಗೆ ಆರು ಮಕ್ಕಳು, ಚಿಕ್ಕಪ್ಪನಿಗೆ ಐದು. ಎರಡು ಕೋಣೆ, ಒಂದು ಪಡಸಾಲೆ, ಹಿಂದುಗಡೆ ಅಂಗಳ, ಅಂಗಳದಾಚೆ ಕೊಟ್ಟಿಗೆ. ಮನುಷ್ಯರಿಗಿಂತ ಎಮ್ಮೆಗಳಿಗೇ ಕೈಕಾಲು ಚಾಚಲು ಹೆಚ್ಚು ಜಾಗವಿತ್ತು. ಎಮ್ಮೆಗೆ ಹೊಟ್ಟೆ ಉಬ್ಬರಿಸಿದರೆ ಅಪ್ಪ ಕೆಲಸ ಬಿಟ್ಟು ಡಾಕ್ಟರನ್ನು ಕರೆತರುತ್ತಿದ್ದ. ನಮಗೆ ಹೊಟ್ಟೆ ಉಬ್ಬರಿಸಿದರೆ ಓಮಿನ ಕಾಳು. ಇದನ್ನು ನಾನು ಎಷ್ಟೋ ಸಲ ನಗುವ ಮಾತಾಗಿ ಹೇಳಿದ್ದೇನೆ. ಇವತ್ತು ನಗು ಬರುತ್ತಿಲ್ಲ.

ಹನ್ನೊಂದು ಮಕ್ಕಳ ಮನೆಯ ಬೆಳಗು ಹೇಗಿರುತ್ತದೆಂದು ಊಹಿಸಿಕೊಳ್ಳಿ. ಒಂದು ಕಕ್ಕಸು, ಒಂದು ಹಂಡೆ ನೀರು, ಒಂದು ಕನ್ನಡಿ, ಎರಡು ಬಾಚಣಿಗೆ. ಬಾಚಣಿಗೆಯಲ್ಲಿ ಒಂದು ಹೇನಿನದು. ಯಾರ ಲಂಗ ಯಾರು ಹಾಕಿಕೊಂಡರೋ, ಯಾರ ಸ್ಲೇಟು ಯಾರ ಚೀಲಕ್ಕೆ ಹೋಯಿತೋ. ಅಮ್ಮ, ಚಿಕ್ಕಮ್ಮ ಇಬ್ಬರೂ ಮೂರು ಗಂಟೆಗೇ ಎದ್ದು ಹಾಲು ಕರೆಯುವವರು. ನಾವು ಏಳುವ ಹೊತ್ತಿಗೆ ಅವರು ಅರ್ಧ ದಿನದ ಕೆಲಸ ಮುಗಿಸಿ ಸುಸ್ತಾಗಿರುತ್ತಿದ್ದರು. ಅದಕ್ಕೇ ಅವರು ಜೋಡಿ ಪದ್ಧತಿ ಮಾಡಿದರು.

ಮಗುವಿಗೆ ನಾಲ್ಕು ವರ್ಷ ತುಂಬಿತೆಂದರೆ ಅದನ್ನು ದೊಡ್ಡ ಮಕ್ಕಳಲ್ಲಿ ಒಬ್ಬರಿಗೆ ಒಪ್ಪಿಸುತ್ತಿದ್ದರು. ಅದಕ್ಕೊಂದು ಶಾಸ್ತ್ರವೂ ಇತ್ತು. ಇಬ್ಬರಿಗೂ ಒಂದೇ ಮಣೆಯ ಮೇಲೆ ಎಣ್ಣೆ ನೀರು ಎರೆದು, ಕುಂಕುಮ ಇಟ್ಟು, ಒಂದೇ ತಟ್ಟೆಯಲ್ಲಿ ಮುದ್ದೆ ಇಕ್ಕಿ, “ಇವತ್ತಿಂದ ಇದು ನಿನ್ನ ಜೋಡಿ” ಎನ್ನುತ್ತಿದ್ದಳು ಅಮ್ಮ. ಅವತ್ತಿನಿಂದ ಆ ಮಗುವಿನ ಸ್ನಾನ, ಜಡೆ, ಊಟ, ಪಾಠ, ಉಗುರು, ಮೂಗಿನ ಸಿಂಬಳ ಎಲ್ಲ ನಮ್ಮದು. ಸಾಯಂಕಾಲ ದೀಪ ಹಚ್ಚಿದ ಮೇಲೆ ಅಮ್ಮ ಅಂಗಳದ ರುಬ್ಬುಗಲ್ಲಿನ ಮೇಲೆ ಕೂತು, “ಜೋಡಿ ಬನ್ರೋ” ಎಂದು ಕೂಗುತ್ತಿದ್ದಳು. ಐದು ಜೋಡಿಯೂ ಸಾಲಾಗಿ ನಿಲ್ಲಬೇಕು. ಚಿಕ್ಕವರ ತಲೆ ನೋಡುತ್ತಿದ್ದಳು, ಕತ್ತು ನೋಡುತ್ತಿದ್ದಳು, ಮಗ್ಗಿ ಕೇಳುತ್ತಿದ್ದಳು. ತಪ್ಪು ಸಿಕ್ಕಿದರೆ ಎಮ್ಮೆ ಅಟ್ಟುವ ಹುಣಸೆ ಬರಲಿನಿಂದ ಏಟು. ಏಟು ಚಿಕ್ಕವರಿಗಲ್ಲ, ದೊಡ್ಡವರಿಗೆ. ತಂಗಿಯ ಕತ್ತಿನಲ್ಲಿ ಮಣ್ಣಿದ್ದರೆ ಅಕ್ಕನ ಮೀನಖಂಡಕ್ಕೆ ಬರೆ.

ನಮ್ಮ ಬೀದಿಯಲ್ಲಿ ಇದಕ್ಕೆ ದೊಡ್ಡ ಹೆಸರು. ಪಕ್ಕದ ಮನೆಯ ತಮಿಳು ಕನಕಮ್ಮ ತನ್ನ ಮಕ್ಕಳನ್ನು ಕರೆತಂದು, “ಎಷ್ಟು ಶಿಸ್ತು ನೋಡು” ಎಂದು ತೋರಿಸುತ್ತಿದ್ದಳು. ಏಟು ತಿನ್ನುವವರು ನಾವು, ಶಿಸ್ತಿನ ಹೊಗಳಿಕೆ ಅಮ್ಮನಿಗೆ. ಆದರೆ ಈ ಪದ್ಧತಿ ನಮಗೆ ನಿಜವಾಗಿ ಏನು ಕಲಿಸಿತು ಎಂದು ಯಾರೂ ಯೋಚಿಸಲಿಲ್ಲ. ಜೋಡಿಯನ್ನು ಚೆನ್ನಾಗಿ ನೋಡಿಕೊಳ್ಳುವುದನ್ನು ನಾವು ಕಲಿಯಲಿಲ್ಲ. ಜೋಡಿಯ ಕುಂದನ್ನು ಮುಚ್ಚುವುದನ್ನು ಕಲಿತೆವು. ಹರಿದ ಲಂಗವನ್ನು ಮಡಿಕೆಯೊಳಗೆ ತಿರುಗಿಸಿ ಉಡಿಸುವುದು, ಬರದ ಮಗ್ಗಿಯನ್ನು ಅಮ್ಮನ ಬೆನ್ನ ಹಿಂದೆ ನಿಂತು ಬೆರಳಲ್ಲಿ ತೋರಿಸುವುದು, ಬಿದ್ದು ತರಚಿದ ಮೊಣಕಾಲಿಗೆ ಅರಿಶಿನ ಹಚ್ಚದೆ ಹಾಗೇ ಒಣಗಿಸುವುದು. ಅರಿಶಿನ ಹಚ್ಚಿದರೆ ಎದ್ದು ಕಾಣುತ್ತದಲ್ಲ.

ನನ್ನ ಜೋಡಿಗೆ ಬಿದ್ದವಳು ಪದ್ಮಾ, ನನ್ನ ಸ್ವಂತ ತಂಗಿ, ನನಗಿಂತ ಆರು ವರ್ಷ ಚಿಕ್ಕವಳು. ಎರಡು ಮೊಳ ಉದ್ದದ ಜಡೆ, ಬಾಯಿ ತುಂಬ ಮಾತು, ನಾನು ಎಲ್ಲಿ ಹೋದರೂ ನನ್ನ ಲಂಗದ ಅಂಚು ಹಿಡಿದುಕೊಂಡೇ ಇರುತ್ತಿದ್ದಳು. ಅವಳಿಗೆ ಐದು ತುಂಬಿದ ವರ್ಷ ಮನೆಯಲ್ಲಿ ಎಲ್ಲರಿಗೂ ದಡಾರ ಬಂತು. ಎಲ್ಲರೂ ಎದ್ದರು, ಪದ್ಮಾಳೂ ಎದ್ದಳು. ಆದರೆ ಅವಳ ಕಿವಿ ಸೋರಲು ಶುರುವಾಯಿತು. ಮೊದಲು ಎಡಗಿವಿ, ಆಮೇಲೆ ಬಲಗಿವಿಯೂ. ಬೆಳಗ್ಗೆ ದಿಂಬಿನ ಮೇಲೆ ಹಳದಿ ಕಲೆ, ಹತ್ತಿರ ಹೋದರೆ ಕೆಟ್ಟ ವಾಸನೆ.

ಆಗ ನಾನು ಏನು ಮಾಡಬೇಕಿತ್ತು? ಅಮ್ಮನಿಗೆ ಹೇಳಬೇಕಿತ್ತು, ಅಷ್ಟೆ. ಹೇಳಲಿಲ್ಲ. ಚಿಕ್ಕಪ್ಪನ ಮಗನಿಗೆ ಕಜ್ಜಿಯಾದಾಗ ಅವನ ಜೋಡಿಯಾಗಿದ್ದ ನನ್ನ ಅಣ್ಣ ಮೂರು ದಿನ ನೆಟ್ಟಗೆ ಕೂರಲಾಗದಂತೆ ಏಟು ತಿಂದಿದ್ದನ್ನು ನೋಡಿದ್ದೆ. ಅಜ್ಜಿ ಎಣ್ಣೆ ಕಾಯಿಸುತ್ತಿದ್ದುದನ್ನೂ ನೋಡಿದ್ದೆ. ಸರಿ, ಅಮ್ಮ ಕೊಟ್ಟಿಗೆಯಲ್ಲಿದ್ದಾಗ ನಾನೇ ಬೆಳ್ಳುಳ್ಳಿ ಜಜ್ಜಿ, ಎಣ್ಣೆ ಕಾಯಿಸಿ, ಪದ್ಮಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಿವಿಗೆ ಬಿಟ್ಟೆ. ಆರಿದೆಯೋ ಇಲ್ಲವೋ ನೋಡುವಷ್ಟು ತಾಳ್ಮೆ ಹನ್ನೊಂದು ವರ್ಷದವಳಿಗೆ ಎಲ್ಲಿಂದ ಬರಬೇಕು? ಅವಳು ಚೀರಿದಳು. ಬಾಯಿ ಮುಚ್ಚಿದೆ. ಹತ್ತಿ ತುರುಕಿ, ಕಿವಿ ಮುಚ್ಚುವ ಹಾಗೆ ಎರಡು ಜಡೆ ಹಾಕಿ, ವಾಸನೆ ಬಾರದಿರಲೆಂದು ಜಡೆಗೆ ಮಲ್ಲಿಗೆ ಮುಡಿಸಿದೆ. ಹಾಗೆ ಒಂದು ವರ್ಷ, ದಿನ ಬಿಟ್ಟು ದಿನ. ಸಾಯಂಕಾಲದ ಸಾಲಿನಲ್ಲಿ ಅಮ್ಮ ಹೇಳುತ್ತಿದ್ದಳು: “ನೋಡ್ರೇ, ಜೋಡೀನ ಹೆಂಗಿಟ್ಕೋಬೇಕು ಅಂತ ಇವಳನ್ನ ನೋಡಿ ಕಲೀರಿ. ಹೂ ಬೇರೆ ಮುಡಿಸಿದಾಳೆ.”

ಆ ಹೊಗಳಿಕೆ ನನಗೆ ಎಷ್ಟು ರುಚಿಸಿತ್ತೆಂದು ಹೇಳಲು ನಾಚಿಕೆಯಾಗುತ್ತದೆ.

ಸೋರುವುದು ನಿಂತಿತು. ಜೊತೆಗೆ ಪದ್ಮಾಳ ಬಾಯಿ ತುಂಬ ಇದ್ದ ಮಾತೂ ಕಡಿಮೆಯಾಯಿತು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಎದುರು ನಿಂತು ಮಾತಾಡಿದರೆ ನನ್ನ ತುಟಿಯನ್ನೇ ನೋಡುತ್ತಿದ್ದಳು. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಹನ್ನೊಂದು ಮಕ್ಕಳು ಏಕಕಾಲಕ್ಕೆ ಕೂಗಾಡುವ ಮನೆಯಲ್ಲಿ ಒಂದು ಮಗು ತಿರುಗಿ ನೋಡಲಿಲ್ಲವೆಂದರೆ ಅದನ್ನು ಯಾರು ಲೆಕ್ಕಕ್ಕಿಡುತ್ತಾರೆ? ನನಗೆ ಗೊತ್ತಿತ್ತು. ನನಗೊಬ್ಬಳಿಗೇ ಗೊತ್ತಿತ್ತು.

ಅಲ್ಲ, ಇನ್ನೊಬ್ಬರಿಗೂ ಗೊತ್ತಾಯಿತು. ಶಿವಾಜಿನಗರದಿಂದ ಬಳೆ ಮಾರಲು ಬರುತ್ತಿದ್ದ ಮುದುಕಿಯೊಬ್ಬರು, ನಾವೆಲ್ಲ ಖಾಲಾ ಎನ್ನುತ್ತಿದ್ದೆವು. ಹಬ್ಬಕ್ಕೆ ಮುಂಚೆ ಬಂದು ಅಂಗಳದಲ್ಲಿ ಬಳೆಯ ಮಲಾರ ಇಳಿಸಿ, ನಮ್ಮ ಮನೆಯ ಹೆಣ್ಣುಮಕ್ಕಳ ಕೈಯನ್ನು ಒಂದೊಂದಾಗಿ ಹಿಸುಕಿ ಹಿಸುಕಿ ಬಳೆ ತೊಡಿಸುತ್ತಿದ್ದರು. ಪದ್ಮಾಳಿಗೆ ಆರು ವರ್ಷವಾಗಿದ್ದ ಆ ಸಲ ಅವಳ ಒಂದು ಕೈಗೆ ತೊಡಿಸಿ ಮುಗಿಸಿದ ಮೇಲೆ ಅವಳು ಎದ್ದು ಹೊರಟಳು. ಖಾಲಾ ಹಿಂದಿನಿಂದ, “ಅರೇ ಬಚ್ಚೀ, ಇನ್ನೊಂದ್ ಕೈ ಕೊಡು” ಎಂದರು. ಇನ್ನೊಮ್ಮೆ ಕರೆದರು. ಮೂರನೆಯ ಸಲ ಬಳೆಯ ಗೊಂಚಲನ್ನು ಅವಳ ತಲೆಯ ಹಿಂದೆಯೇ ಝಲ್ಲೆನಿಸಿದರು. ಪದ್ಮಾ ತಿರುಗಲಿಲ್ಲ.

ಖಾಲಾ ಅಮ್ಮನ ಕಡೆ ನೋಡಿದರು. “ಅಮ್ಮಾ, ಈ ಬಚ್ಚಿಗೆ ಕಿವಿ ಕೇಳ್ಸಲ್ಲ. ನಮ್ಮ ತಂಗಿ ಮಗಳಿಗೂ ಹಿಂಗೇ ಆಗಿತ್ತು. ದೊಡ್ಡಾಸ್ಪತ್ರೆಗೆ ತೋರ್ಸಿ, ಈಗ್ಲೇ ತೋರ್ಸಿದ್ರೆ ಸರಿಹೋಯ್ತದೆ.”

ಅಮ್ಮ ಒನಕೆ ಹಿಡಿದವಳು ನಿಂತುಬಿಟ್ಟಳು. ನನ್ನ ಕಡೆ ತಿರುಗಿ ಕೇಳಿದಳು: “ಹೌದೇನೇ? ನಿನ್ನ ಜೋಡಿ ಅಲ್ವಾ ಅದು?”

“ಇಲ್ಲಮ್ಮ, ಚೆನ್ನಾಗಿ ಕೇಳುತ್ತೆ. ಬೇಕಂತಲೇ ಹಂಗೆ ಆಡ್ತಾಳೆ,” ಎಂದೆ.

“ತಾಳು, ನೋಡೋಣ.”

ಅಮ್ಮ ಪದ್ಮಾಳ ಬೆನ್ನ ಹಿಂದೆ ಹೋಗಿ ನಿಂತಳು. ನಾನು ಅವಳ ಮುಂದೆ ಹೋಗಿ ನಿಂತೆ. ಅಮ್ಮ ಪದ್ಮಾಳ ತಲೆಯನ್ನೇ ನೋಡುತ್ತ ಚಪ್ಪಾಳೆ ತಟ್ಟಿದಳು. ಅದೇ ಗಳಿಗೆಗೆ ನಾನು ಹುಬ್ಬು ಹಾರಿಸಿದೆ. ಹಿಂದೆ ನೋಡು ಎಂಬುದಕ್ಕೆ ನಮ್ಮಿಬ್ಬರ ನಡುವೆ ಇದ್ದ ಗುರುತು ಅದು. ಮಗ್ಗಿ ಹೇಳಿಕೊಡಲು ಬೆರಳಿನ ಗುರುತು ಮಾಡಿಕೊಂಡಿದ್ದೆನಲ್ಲ, ಹಾಗೇ ಇದು. ಪದ್ಮಾ ಥಟ್ಟನೆ ತಿರುಗಿದಳು, ಅಮ್ಮನನ್ನು ನೋಡಿ ನಕ್ಕಳು. ನಾನು ಹೇಳಿದಂತೆ ಮಾಡಿದೆನಲ್ಲ ಅಕ್ಕ, ಎನ್ನುವ ಹಾಗೆ ನನ್ನನ್ನೂ ನೋಡಿ ನಕ್ಕಳು.

“ಚೆನ್ನಾಗೇ ಕೇಳುತ್ತಲ್ಲ ಖಾಲಾ,” ಎಂದಳು ಅಮ್ಮ. ಖಾಲಾ ಬಳೆಗಳನ್ನು ಮಲಾರಕ್ಕೆ ಪೋಣಿಸುತ್ತ ಪೋಣಿಸುತ್ತ ನನ್ನನ್ನೇ ದಿಟ್ಟಿಸಿದರು. ಹುಬ್ಬು ಹಾರಿಸಿದ್ದನ್ನು ಅವರು ನೋಡಿದ್ದರೋ ಏನೋ. ಆಮೇಲೆ ಅವರು ಬಂದಾಗಲೆಲ್ಲ ನಾನು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ನಿಧಾನವಾಗಿ ಹೇಳುವಷ್ಟು ಧೈರ್ಯ ನನಗಿಲ್ಲ. ಶಾಲೆಯಲ್ಲಿ ಪದ್ಮಾ ಬೋರ್ಡ್ ನೋಡಿ ಬರೆದರೆ ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ. ಉಕ್ತಲೇಖನದಲ್ಲಿ ಮಾತ್ರ ಸೊನ್ನೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದ್ದರೆ ಎಂಥವರಿಗೂ ತಿಳಿಯುತ್ತಿತ್ತು. ಅರವತ್ತು ಮಕ್ಕಳಿದ್ದ ಕ್ಲಾಸಿನಲ್ಲಿ ಯಾರು ಇಟ್ಟು ನೋಡುತ್ತಾರೆ? ಕರೆದರೆ ತಿರುಗುವುದಿಲ್ಲ, ಕೊಬ್ಬು ಎಂದು ಬೆಂಚಿನ ಮೇಲೆ ನಿಲ್ಲಿಸಿದರು. ಐದನೇ ಕ್ಲಾಸಿನಲ್ಲಿ ಎರಡು ಸಲ ಕೂತಳು. ಮನೆಯಲ್ಲಿ ಅವಳಿಗೆ ‘ಮಂದಿ’, ಅಂದರೆ ಮಂದಬುದ್ಧಿಯವಳು ಎಂದು ಹೆಸರು ಬಿತ್ತು. ತಮ್ಮಂದಿರು ಅವಳ ಮುಖದ ಮುಂದೆ ಚಿಟಿಕೆ ಹೊಡೆದು “ಲೇ ಮಂದಿ, ನಿದ್ದೆ ಹೋದ್ಯಾ?” ಎನ್ನುತ್ತಿದ್ದರು. ನಾನೂ ಅಂದಿದ್ದೇನೆ. ಶಾಲೆ ಬಿಡಿಸಿದರು. ದೊಡ್ಡವಳಾದ ಮೇಲೆ ಗಾರ್ಮೆಂಟ್ಸಿಗೆ ಸೇರಿದಳು, ಮದುವೆಯಾದಳು, ತಡವಾಗಿ ಒಬ್ಬ ಮಗಳು ಹುಟ್ಟಿದಳು. ಕಾವ್ಯ.

ಕಿವಿ ಕೇಳುವುದಿಲ್ಲ ಎಂಬುದು ಗಾರ್ಮೆಂಟ್ಸಿನಲ್ಲಿ ಬಯಲಾಯಿತು. ಸೂಪರ್‌ವೈಸರ್ ಕೂಗಿದ್ದು ತಿಳಿಯುತ್ತಿರಲಿಲ್ಲ. ಸಾಲು ಸಾಲು ಮಿಷನ್‌ಗಳ ಸದ್ದಿನಲ್ಲಿ ಹೋಯಿತು ಎಂದು ಎಲ್ಲರೂ ಅಂದುಕೊಂಡರು. ಅವಳೂ ಹಾಗೆಯೇ ನಂಬಿದಳು. ಎಂಟು ವರ್ಷದ ಹಿಂದೆ ಸಿ.ವಿ. ರಾಮನ್ ನಗರದಲ್ಲಿ ಒಬ್ಬ ಕಿವಿ ಡಾಕ್ಟರ ಹತ್ತಿರ ನಾನೇ ಅವಳನ್ನು ಕರೆದುಕೊಂಡು ಹೋದೆ. ಅವರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ಕೇಳಿದರು: “ಚಿಕ್ಕಂದಿನಲ್ಲಿ ಕಿವಿ ಸೋರ್ತಿತ್ತಾ? ಇದು ಮಿಷನ್ ಸದ್ದಿಗೆ ಆಗಿರೋದು ಅನ್ಸಲ್ಲ.”

ಪದ್ಮಾ ಮಾತು ಸರಿಯಾಗಿ ತಿಳಿಯದೆ ನನ್ನ ಮುಖ ನೋಡಿದಳು.

“ಇಲ್ಲ ಡಾಕ್ಟ್ರೇ. ಹಂಗೇನೂ ಇರಲಿಲ್ಲ,” ಎಂದೆ.

ಹನ್ನೆರಡು ವರ್ಷದ ಹುಡುಗಿಯ ಸುಳ್ಳಿಗೆ ಹುಣಸೆ ಬರಲಿನ ಹೆದರಿಕೆ ಇತ್ತು. ನಲವತ್ತಾರು ವರ್ಷದ ಹೆಂಗಸಿಗೆ ಯಾರ ಹೆದರಿಕೆ? ಆ ಡಾಕ್ಟರ ಕೈಯಲ್ಲಿ ಬರಲಿರಲಿಲ್ಲ. ನನ್ನ ಹೊಗಳಿಕೆ ಕೆಡುತ್ತದೆ ಎಂದಷ್ಟೆ. ತಂಗಿಯನ್ನು ತಾಯಿಯ ಹಾಗೆ ಸಾಕಿದವಳು ಎಂದು ನೆಂಟರೆಲ್ಲ ನನ್ನನ್ನು ಹೊಗಳುತ್ತಾರೆ, ಆ ಹೂವನ್ನು ನಾನು ಮುಡಿದುಕೊಂಡು ಮೂವತ್ತೈದು ವರ್ಷವಾಗಿತ್ತು.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಎಣ್ಣೆ ಚೆಲ್ಲಿದ ಗಲಾಟೆ ಮುಗಿದು, ನನ್ನ ತಮ್ಮ ಪಾಪುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅಷ್ಟರಲ್ಲಿ ಪದ್ಮಾ, ಕಾವ್ಯ ಬಂದರು. ಊಟವಾದ ಮೇಲೆ ಹಾಲ್‌ನಲ್ಲಿ ಪೇಪರ್ ಹಾಸಿ, ಪದ್ಮಾ ಕೈಗೆ ಎಣ್ಣೆ ಸವರಿಕೊಂಡು ಹಲಸಿನ ತೊಳೆ ಬಿಡಿಸಲು ಕೂತಳು. ಕಾವ್ಯ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಗಣಿತದಲ್ಲಿ ಅಂಚಿನಲ್ಲಿ ಪಾಸಾಗಿದ್ದಳು.

“ಮುಂದೆ ಏನು ತಗೋತಾಳೆ ಕಾವ್ಯ?” ಎಂದಳು ಲತಾ.

“ಏನೂ ಇಲ್ಲ,” ಎಂದಳು ಪದ್ಮಾ. “ನಮ್ಮ ಗಾರ್ಮೆಂಟ್ಸಲ್ಲೇ ಹೆಲ್ಪರ್ ಕೆಲಸಕ್ಕೆ ಕೇಳಿದೀನಿ. ಸುಮ್ನೆ ಎರಡು ವರ್ಷ ಯಾಕೆ ಹಾಳು ಮಾಡ್ಬೇಕು? ನಮ್ದು ಓದೋ ತಲೆ ಅಲ್ಲ ಕಣಮ್ಮ. ನಂದೇ ಅವಳಿಗೂ ಬಂದಿದೆ.”

ಕಾವ್ಯ ತಲೆ ಎತ್ತದೆ ಹೇಳಿದಳು: “ನಂಗೆ ಕಾಮರ್ಸ್ ತಗೋಬೇಕು ಅಂತ ಆಸೆ ಇದೆ. ಹೇಳಿ ದೊಡ್ಡಮ್ಮ, ನೀವಾದ್ರೂ.”

“ಆಸೆ ಇದ್ರೆ ಸಾಕಾ? ತಲೆ ಬೇಡ್ವಾ?” ಎಂದಳು ಪದ್ಮಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಗಳು ಬೆಂಚಿನ ಮೇಲೆ ನಿಲ್ಲುವುದು ಬೇಡ ಎಂಬ ಮರುಕವಿತ್ತು. ಅದೇ ನನ್ನನ್ನು ಇರಿದದ್ದು.

ಅಮ್ಮ ಕುರ್ಚಿಯಿಂದ ದನಿಗೂಡಿಸಿದಳು: “ಬಿಡಮ್ಮ, ಇವಳು ಹುಟ್ಟಿದಾಗಿಂದ್ಲೂ ಮಂದಾನೇ. ಅಷ್ಟು ಜನರಲ್ಲಿ ಇವಳೊಬ್ಳೇ ಹಂಗಾಗಿದ್ದು. ನಾವೇನು ಕಮ್ಮಿ ಮಾಡಿದ್ವಾ? ಜೋಡಿ ಕೊಟ್ಟು ಸಾಕಲಿಲ್ವಾ?”

“ಪದ್ಮಾ ಮಂದ ಅಲ್ಲ,” ಎಂದೆ.

ಪದ್ಮಾಳ ಎದುರಿಗೆ ಹೋಗಿ ನೆಲದ ಮೇಲೆ ಕೂತೆ. ನನ್ನ ತುಟಿ ಅವಳಿಗೆ ಕಾಣಬೇಕಿತ್ತು. ಎಲ್ಲ ಹೇಳಿದೆ. ದಡಾರ, ದಿಂಬು, ಎಣ್ಣೆ, ಮಲ್ಲಿಗೆ, ಖಾಲಾ, ಹುಬ್ಬು, ಡಾಕ್ಟರು. ಸಾಲಾಗಿ ಬರಲಿಲ್ಲ, ಹಿಂದುಮುಂದಾಗಿ ಬಂತು. ಹೇಳುತ್ತ ಹೇಳುತ್ತ ನನ್ನ ಸಿಟ್ಟೆಲ್ಲ ಅಮ್ಮನ ಕಡೆ ತಿರುಗಿತು. ಕೂಗತೊಡಗಿದೆ. “ಹೊಡೀತಿದ್ದೆಯಲ್ಲಮ್ಮ, ಅದಕ್ಕೇ ಮುಚ್ಚಿಟ್ಟೆ! ಮಕ್ಕಳನ್ನ ಸಾಕಿದೆಯಾ ನೀನು? ಎಮ್ಮೆ ಹಿಂದೆ ಹೋಗಿ, ಮಕ್ಕಳ ಕೈಗೆ ಮಕ್ಕಳನ್ನ ಕೊಟ್ಟು, ಕೂತ್ಕೊಂಡು ಏಟು ಹಂಚಿದೆ! ಅದನ್ನ ಊರೆಲ್ಲ ಹೇಳ್ಕೊಂಡು ಬರ್ತೀಯಾ?”

ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಹಳೇದೆಲ್ಲ ಈಗ್ಯಾಕ್ರೇ? ಎಲ್ರೂ ಉಂಡ್ಕೊಂಡು ಚೆನ್ನಾಗಿಲ್ವಾ?” ಎಂದಳು. ಎಂಬತ್ತು ದಾಟಿದ ಅವಳ ಕೈಯನ್ನು ಆಗ ನೋಡಿದೆ. ಬೆರಳುಗಳೆಲ್ಲ ಹಾಲು ಕರೆದೂ ಕರೆದೂ ಒಂದೇ ಕಡೆ ಬಾಗಿದ್ದವು. ನನಗೆ ಅದನ್ನು ನೋಡಿ ಇನ್ನೂ ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳುವುದಕ್ಕೂ ಬಿಡದ ಕೈ ಅದು.

ಪದ್ಮಾಳ ಎರಡೂ ಕೈ ಹಲಸಿನ ಮೇಣದಲ್ಲಿ ಅಂಟಿಕೊಂಡಿತ್ತು. ಕಣ್ಣೊರೆಸಿಕೊಳ್ಳಲೂ ಆಗದೆ ಕೈ ಮೇಲೆತ್ತಿಕೊಂಡೇ ಕೂತಿದ್ದಳು. ಆಮೇಲೆ ಕೇಳಿದಳು: “ನಂಗೆ ಎಷ್ಟು ವರ್ಷ ಆಗ?”

“ಆರು.”

“ಡಾಕ್ಟ್ರು ಕೇಳಿದಾಗ್ಲೂ ನಿಂಗೆ ಗೊತ್ತಿತ್ತು.”

“ಗೊತ್ತಿತ್ತು.”

“ಮತ್ತೆ ಅಮ್ಮನ್ನ ಯಾಕೆ ಬೈತಿದೀಯ ಅಕ್ಕ?” ಎಂದಳು. ದನಿ ಎತ್ತರಿಸಲಿಲ್ಲ. “ಅಮ್ಮಂಗೆ ಗೊತ್ತಿರಲಿಲ್ಲ. ಅವಳು ಕೇಳಿದ್ಲು. ಚಪ್ಪಾಳೆ ತಟ್ಟಿ ನೋಡಿದ್ಲು. ಗೊತ್ತಿದ್ದಿದ್ದು ನಿಂಗೆ. ನಾನು ನಲವತ್ತು ವರ್ಷ ನನ್ನ ತಲೆನೇ ಸರಿಯಿಲ್ಲ ಅಂದ್ಕೊಂಡು ಬದುಕಿದೀನಿ. ಯಾರಾದ್ರೂ ನಕ್ಕರೆ ನಾನೂ ನಗ್ತಿದ್ದೆ. ಏನಕ್ಕೆ ನಗ್ತಿದಾರೆ ಅಂತ ಗೊತ್ತಿಲ್ದೆ ನಗ್ತಿದ್ದೆ.”

ಅವಳು ಎದ್ದು, ಮೇಣದ ಕೈಯಲ್ಲೇ ಕಾವ್ಯಳನ್ನು ಎಬ್ಬಿಸಿಕೊಂಡು ಹೊರಟುಹೋದಳು. ಬಿಡಿಸಿದ ತೊಳೆಗಳ ಮುಂದೆ ನಾನು ಕೂತಿದ್ದೆ. ನಿಜ ಹೇಳುತ್ತೇನೆ, ಅಲ್ಲಿಯವರೆಗೂ ನನ್ನ ಸಿಟ್ಟು ನ್ಯಾಯದ ಸಿಟ್ಟು ಎಂದೇ ನಂಬಿದ್ದೆ. ಹನ್ನೊಂದು ಮಕ್ಕಳ ಮನೆಯ ಮೇಲೆ, ಬರಲಿನ ಮೇಲೆ, ಹೊಗಳಿದ ನೆಂಟರ ಮೇಲೆ, ಸ್ಟೂಲಿನ ಮೇಲೆ ಕೂತು ನಮ್ಮ ಕಾಲವನ್ನು ಮೆಚ್ಚುವ ಹೆಂಗಸರ ಮೇಲೆ. ಆ ಸಿಟ್ಟೆಲ್ಲ ಸುಳ್ಳಲ್ಲ. ಆದರೆ ನಾನು ಅದರ ಹಿಂದೆ ನಿಂತುಕೊಂಡಿದ್ದೆ, ಕಾಣದ ಹಾಗೆ.

ಒಂದು ವಾರ ಪದ್ಮಾ ಫೋನ್ ಎತ್ತಲಿಲ್ಲ. ಎಂಟನೆಯ ದಿನ ಸಾಯಂಕಾಲ ಏಳಕ್ಕೆ ಅವಳೇ ಮಾಡಿದಳು. ಆ ಡಾಕ್ಟರು ಕೊಡಿಸಿದ ಕೇಳಿಸುವ ಮಿಷನ್ ಕಿವಿಗೆ ಹಾಕಿಕೊಂಡರೂ ಫೋನಿನಲ್ಲಿ ಅವಳಿಗೆ ಅರ್ಧ ಕೇಳುವುದಿಲ್ಲ, ಸ್ಪೀಕರ್ ಹಾಕಿ ಕಿರುಚುತ್ತಾಳೆ. ಹಲೋ ಎನ್ನಲಿಲ್ಲ. “ಕನಕಮ್ಮನ ಮಗಳು ನನ್ನ ಜೊತೆ ಮಾತು ಬಿಟ್ಲಲ್ಲ, ಕರೆದ್ರೂ ಬರ್ಲಿಲ್ಲ ಅಂತ. ಅದೂ ಇದಕ್ಕೇನಾ?” ಎಂದಳು.

“ಹೂಂ. ಅದೂ ಇದಕ್ಕೇ,” ಎಂದೆ. ಕಟ್ ಮಾಡಿದಳು.

ಮಾರನೆಯ ದಿನ ಏಳಕ್ಕೆ ಮತ್ತೆ ಬಂತು. “ಅಪ್ಪ ಸಾಯೋ ದಿನ ಏನೋ ಹೇಳಿದ್ನಲ್ಲ ನಂಗೆ. ನಾನು ಹೂಂ ಅಂದೆ. ಏನು ಹೇಳಿದ ಅಂತ ಇವತ್ತಿಗೂ ಗೊತ್ತಿಲ್ಲ. ನೀನು ಪಕ್ಕದಲ್ಲೇ ಇದ್ದೆ. ಏನು ಹೇಳಿದ?”

“ಪದ್ಮಾನ ನೋಡಿದ್ರೆ ನಂಗೆ ಧೈರ್ಯ ಬರುತ್ತೆ ಅಂದ.”

ಆಮೇಲೆ ಬಯ್ದಳು. ನನ್ನ ತಂಗಿಯ ಬಾಯಲ್ಲಿ ಅಂಥ ಮಾತುಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಗಾರ್ಮೆಂಟ್ಸಿನಲ್ಲಿ ಕಲಿತಿರಬೇಕು. ನಾನು ಕೇಳಿಸಿಕೊಂಡೆ. ಅದೊಂದನ್ನಾದರೂ ಪೂರ್ತಿ ಕೇಳಿಸಿಕೊಳ್ಳಬೇಕಿತ್ತು. ಮುಗಿಸುವಾಗ, ಬೇರೆ ಯಾರಿಗೋ ಹೇಳುವವಳಂತೆ, “ಕಾವ್ಯನ್ನ ಕಾಲೇಜಿಗೆ ಸೇರ್ಸಿದೀನಿ. ಕಾಮರ್ಸೇ. ನೀನು ಹೇಳಿದೆ ಅಂತ ಅಲ್ಲ,” ಎಂದಳು.

ಈಗ ಇದು ದಿನದ ಅಭ್ಯಾಸವಾಗಿದೆ. ಏಳಕ್ಕೆ ಐದು ನಿಮಿಷ ಇರುವಾಗಲೇ ನಾನು ಅಂಗಡಿಯ ಹೊಲಿಗೆ ಮಿಷನ್ ನಿಲ್ಲಿಸಿ, ಫ್ಯಾನೂ ಆರಿಸಿ, ಷಟರ್ ಅರ್ಧ ಎಳೆದು ಕೂರುತ್ತೇನೆ. ನಲವತ್ತು ವರ್ಷವನ್ನು ಅವಳು ಒಂದೊಂದೇ ದಿನ ಮಾಡಿ ಎತ್ತಿಕೊಂಡು ಬರುತ್ತಾಳೆ. ಅದೂ ಇದಕ್ಕೇನಾ? ಹೂಂ, ಅದೂ. ಕ್ಷಮಿಸು ಎಂದು ನಾನು ಕೇಳಿಲ್ಲ. ಅವಳು ಕ್ಷಮಿಸಿದ್ದೇನೆ ಎಂದೂ ಹೇಳಿಲ್ಲ.

ನಿನ್ನೆ ಕೇಳಿದಳು: “ನಂಗೆ ಹದಿಮೂರರ ಮಗ್ಗಿ ಕೊನೇವರ್ಗೂ ಬರ್ಲೇ ಇಲ್ವಲ್ಲ. ನಿಂಗೆ ಅದಕ್ಕೇ ಎಷ್ಟು ಏಟು ಬಿತ್ತು. ಅದೂ ಕಿವಿಯಿಂದಾನೇನಾ?”

ಹೂಂ ಎಂದುಬಿಡುವುದು ಸುಲಭವಾಗಿತ್ತು. ಅವಳಿಗೂ ಹಗುರಾಗುತ್ತಿತ್ತೇನೋ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

“ಇಲ್ಲ ಕಣೇ,” ಎಂದೆ. “ಅದನ್ನ ಟೀಚರ್ ಬೋರ್ಡ್ ತುಂಬ ಬರೆದಿದ್ರು. ನಾನೂ ಸ್ಲೇಟಲ್ಲಿ ಬರೆದು ಕೊಟ್ಟಿದ್ದೆ. ನೀನು ಕಲೀಲಿಲ್ಲ. ಸ್ಲೇಟ್ ಬಿಸಾಕಿ ಎಮ್ಮೆಕರು ಜೊತೆ ಆಡೋಕೆ ಓಡ್ತಿದ್ದೆ.”

ಫೋನಿನಲ್ಲಿ ಏನೋ ಸದ್ದಾಯಿತು. ನಕ್ಕಳೋ ಕ್ಯಾಕರಿಸಿದಳೋ ತಿಳಿಯಲಿಲ್ಲ.

“ಹಂಗಾದ್ರೆ ಅದೊಂದು ನಂದೇ ತಪ್ಪು ಅನ್ನು.”

“ಅದೊಂದು ನಿಂದೇ.”

“ಸರಿ. ಅದನ್ನ ನಂಗೇ ಬಿಡು,” ಎಂದಳು ನನ್ನ ತಂಗಿ, ಫೋನ್ ಇಟ್ಟಳು.